ಸ್ಪರ್ಶ ತಿಳಿಯದ ಕೆನ್ನೆಗೂ ವುಝೂ ಇದೆ

(ಪಾವಗಡದಲ್ಲಿ ಜುಮಾ ದಿನ ನೀಡಿದ ಪ್ರವಚನದ ಸಂಗ್ರಹ)

ಅಲ್ಲಾಹನಿಗೆ ಸ್ತುತಿ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಅವರ ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್.



ಮೊದಲು ನನಗೂ ನಿಮಗೂ ತಖ್ವಾದ ಉಪದೇಶ ಮಾಡುತ್ತೇನೆ. ಇವತ್ತಿನ ವಿಷಯ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಕೇಳಿದವರು ಕಿವಿಯ ನರದ ಮೇಲೆ ಬೆಳೆದಿದ್ದ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡ ಒಬ್ಬ ಸಹೋದರ. ಗಡ್ಡೆ ಹೋಯಿತು, ಪ್ರಾಣ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಮುಖದ ಎಡಭಾಗದ ಜೋಮು ಹೋಗಲಿಲ್ಲ. ಅವರ ಪ್ರಶ್ನೆ ಹೀಗಿತ್ತು: "ವುಝೂ ಮಾಡುವಾಗ ಎಡಗೆನ್ನೆಗೆ ನೀರು ತಾಗಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಮೂರು ಸಲ, ಆರು ಸಲ ತೊಳೆಯುತ್ತೇನೆ. ಆದರೂ ಸಂಶಯ. ನನ್ನ ವುಝೂ ಆಗುತ್ತದೆಯೇ? ಆ ವುಝೂದಿಂದ ಮಾಡಿದ ನಮಾಝ್ ಆಗುತ್ತದೆಯೇ?"

ಹೆಸರು ಹೇಳದೆ ಇದನ್ನು ಮಿಂಬರಿನಿಂದಲೇ ವಿವರಿಸಿ ಎಂದು ಅವರೇ ಕೇಳಿಕೊಂಡರು. ಇಂಥ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರಿಗೂ ಹೇಳದವರು ಇನ್ನೂ ಇರಬಹುದು. ಲಕ್ವಾ ಹೊಡೆದವರು, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು, ಅಪಘಾತದಲ್ಲಿ ನರ ಕತ್ತರಿಸಿದವರು, ಎಲ್ಲರಿಗೂ ಇದು ಸಂಬಂಧಿಸಿದ ಮಾತು.

ಉತ್ತರವನ್ನು ಮೊದಲೇ ಹೇಳುತ್ತೇನೆ. ವುಝೂ ಆಗುತ್ತದೆ. ನಮಾಝ್ ಆಗುತ್ತದೆ. ವುಝೂದಲ್ಲಿ ಫರ್ಝ್ ಆಗಿರುವುದು ಮುಖವನ್ನು ತೊಳೆಯುವುದು. ತೊಳೆದದ್ದು ಚರ್ಮಕ್ಕೆ ತಿಳಿಯಬೇಕು ಎಂಬ ಷರತ್ತನ್ನು ಶರೀಅತ್ ಹಾಕಿಲ್ಲ. ಹಣೆಯ ಕೂದಲಿನ ಅಂಚಿನಿಂದ ಗಲ್ಲದ ಕೆಳಗಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ನೀರು ಹರಿದರೆ ಫರ್ಝ್ ತೀರಿತು. ಕೆನ್ನೆಗೆ ತಿಳಿಯದಿದ್ದರೆ ಕೈಗೆ ತಿಳಿಯುತ್ತದೆ, ಕನ್ನಡಿಯಲ್ಲಿ ಕಣ್ಣಿಗೆ ಕಾಣುತ್ತದೆ. ಅಷ್ಟು ಸಾಕು. ಮೂರು ಸಲ ತೊಳೆದ ಮೇಲೆ ನಿಲ್ಲಿಸಿ. ನಾಲ್ಕನೆಯ ಸಲ ತೊಳೆಯಬೇಕೆನಿಸುವುದು ವಸ್‌ವಸೆ. ಸೂರಃ ಅಲ್ ಮಾಇದಾದಲ್ಲಿ ವುಝೂ ಮತ್ತು ತಯಮ್ಮುಮಿನ ವಿಧಿಯನ್ನು ತಿಳಿಸಿದ ಕೂಡಲೇ, ನಿಮ್ಮನ್ನು ಕಷ್ಟಕ್ಕೆ ಸಿಲುಕಿಸುವುದು ತನ್ನ ಉದ್ದೇಶವಲ್ಲ ಎಂದು ಅಲ್ಲಾಹನು ಸ್ಪಷ್ಟಪಡಿಸಿದ್ದಾನೆ.

ಇದು ಫಿಕ್ಹ್‌ನ ಸಣ್ಣ ಉತ್ತರ. ಅದರೊಳಗೆ ಒಂದು ದೊಡ್ಡ ಮಾತಿದೆ. ಅಲ್ಲಾಹನು ದಾಸನಿಂದ ಕೇಳುವುದು ಕರ್ಮ ಮತ್ತು ನಿಯ್ಯತ್. ಅನುಭವ ಬಂತೋ ಇಲ್ಲವೋ ಎಂಬುದು ದಾಸನ ಕೈಯಲ್ಲಿಲ್ಲ. ಇದನ್ನು ಅರಿತರೆ ಜೋಮಿನೊಂದಿಗೆ ಬದುಕುವವರ ಹೊರೆ ಅರ್ಧ ಇಳಿಯುತ್ತದೆ.

ಇದು ಯಾವ ರೋಗ?

ಕಿವಿಯಿಂದ ಮೆದುಳಿಗೆ ಹೋಗುವ ನರವೊಂದಿದೆ. ನಾವು ಕೇಳುವುದು, ಬೀಳದೆ ನಿಲ್ಲುವುದು ಎರಡೂ ಅದರಿಂದ. ಆ ನರದ ಹೊದಿಕೆಯಲ್ಲಿ ಕೆಲವರಿಗೆ ಗಡ್ಡೆ ಬೆಳೆಯುತ್ತದೆ. ವೈದ್ಯರು ಅದನ್ನು ಅಕೌಸ್ಟಿಕ್ ನ್ಯೂರೋಮಾ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಗಡ್ಡೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಲ್ಲಿ ಕಂಡುಬರುತ್ತದೆ. ಮೊದಲ ಗುರುತು ಒಂದೇ ಕಿವಿ ಮಂದವಾಗುವುದು: ಫೋನನ್ನು ಒಂದು ಕಿವಿಗಿಟ್ಟರೆ ಕೇಳುತ್ತದೆ, ಇನ್ನೊಂದಕ್ಕಿಟ್ಟರೆ ಮಾತು ತಿಳಿಯುವುದಿಲ್ಲ. ಕಿವಿಯಲ್ಲಿ ಗುಂಯ್ ಎಂಬ ಸದ್ದು, ನಡೆಯುವಾಗ ತೂಗಾಡುವುದು ಕೂಡ ಇರಬಹುದು. ಒಂದೇ ಕಿವಿ ಮಂದವಾಗುತ್ತಿದ್ದರೆ ವಯಸ್ಸಾಯಿತು ಎಂದು ಸುಮ್ಮನಿರಬೇಡಿ, ತೋರಿಸಿಕೊಳ್ಳಿ.

ಗಡ್ಡೆ ಚಿಕ್ಕದಾಗಿದ್ದರೆ ಕೆಲವರಿಗೆ ಸ್ಕ್ಯಾನ್ ಮಾಡಿಸುತ್ತಾ ಕಾಯುತ್ತಾರೆ, ಕೆಲವರಿಗೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ದೊಡ್ಡದಾಗಿದ್ದರೆ ಶಸ್ತ್ರಚಿಕಿತ್ಸೆ. ನಮ್ಮ ಕಡೆಯವರು ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ತಲೆಯೊಳಗೆ ಆ ಜಾಗ ಬಹಳ ಇಕ್ಕಟ್ಟು. ಕಿವಿಯ ನರಕ್ಕೆ ಅಂಟಿಕೊಂಡೇ ಮುಖವನ್ನು ಅಲುಗಾಡಿಸುವ ನರ ಹೋಗುತ್ತದೆ. ಸ್ವಲ್ಪ ಮೇಲೆ ಮುಖದ ಸ್ಪರ್ಶವನ್ನು ತಿಳಿಸುವ ನರ ಇದೆ. ಗಡ್ಡೆ ಬೆಳೆದಾಗ ಇವುಗಳನ್ನು ಒತ್ತುತ್ತದೆ. ತೆಗೆಯುವಾಗಲೂ ಇವುಗಳಿಗೆ ಪೆಟ್ಟಾಗುವ ಸಾಧ್ಯತೆ ಇದೆ.

ಅಲುಗಾಡಿಸುವ ನರಕ್ಕೆ ಪೆಟ್ಟಾದರೆ ಬಾಯಿ ಒಂದು ಕಡೆಗೆ ವಾಲುತ್ತದೆ, ಕಣ್ಣು ಮುಚ್ಚುವುದಿಲ್ಲ. ಅದು ಎಲ್ಲರಿಗೂ ಕಾಣುತ್ತದೆ. ಸ್ಪರ್ಶದ ನರಕ್ಕೆ ಪೆಟ್ಟಾದರೆ ಮುಖ ಮೊದಲಿನ ಹಾಗೇ ಕಾಣುತ್ತದೆ, ಆದರೆ ಏನೂ ತಿಳಿಯುವುದಿಲ್ಲ. ಕೆಲವರಿಗೆ ಎರಡೂ ಆಗುತ್ತವೆ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ತುಟಿ ನಮ್ಮದಲ್ಲ ಎನಿಸುವುದು ನಿಮಗೆ ಗೊತ್ತಿದೆ. ಮನೆಯಲ್ಲಿ ನಾವು 'ಸುನ್ನ್ ಹೋಗಯಾ' ಎನ್ನುತ್ತೇವಲ್ಲ, ಅದೇ. ನಮಗೆ ಅದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಇವರಿಗೆ ಇಳಿಯಲಿಲ್ಲ. ಹಲವರಿಗೆ ತಿಂಗಳುಗಳು ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಸ್ಪರ್ಶ ಮರಳುತ್ತದೆ. ಮರಳುವಾಗ ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ ಅನಿಸಬಹುದು. ಕೆಲವರಿಗೆ ಒಂದಷ್ಟು ಜೋಮು ಉಳಿದೇಬಿಡುತ್ತದೆ.

ನಮ್ಮ ತಾಲೂಕಿನಲ್ಲಿ ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕು. ಚರ್ಮಕ್ಕೆ ಸ್ಪರ್ಶ ಇಲ್ಲ ಎಂದ ಕೂಡಲೇ ಕೆಲವರ ಮನಸ್ಸು ಕುಷ್ಠರೋಗದ ಕಡೆಗೆ ಹೋಗುತ್ತದೆ. ಇದು ಅದಲ್ಲ. ಇದು ಅಂಟುವುದಿಲ್ಲ. ಇನ್ನು ಕುಷ್ಠ ಕೂಡ ಔಷಧಿಯಿಂದ ಗುಣವಾಗುವ ರೋಗ. ಪಾವಗಡದಲ್ಲೇ ಸ್ವಾಮಿ ಜಪಾನಂದರ ನೇತೃತ್ವದ ಆರೋಗ್ಯ ಕೇಂದ್ರ ಕುಷ್ಠರೋಗಿಗಳ ಸೇವೆಯನ್ನು ವರ್ಷಗಳಿಂದ ಮಾಡುತ್ತಿರುವುದನ್ನು ನಾವೆಲ್ಲ ನೋಡಿದ್ದೇವೆ. ತಟ್ಟೆ ಬೇರೆ ಇಡುವುದು, ಲೋಟ ಬೇರೆ ಇಡುವುದು ಯಾವ ರೋಗಿಯ ಮನೆಯಲ್ಲೂ ನಡೆಯದಿರಲಿ.

ಇಬಾದತ್‌ನಲ್ಲಿ ಸುಲಭ

ವುಝೂದಲ್ಲಿ ಬಾಯಿ ಮುಕ್ಕಳಿಸುವಾಗ ತುಟಿಯ ಒಂದು ಬದಿಯಿಂದ ನೀರು ಸೋರುತ್ತದೆ. ಬೆರಳಿನಿಂದ ತುಟಿ ಒತ್ತಿ ಹಿಡಿದುಕೊಳ್ಳಿ. ಉಪವಾಸದಲ್ಲಿರುವಾಗ ಕಡಿಮೆ ನೀರು ಹಾಕಿಕೊಳ್ಳಿ. ಉಪವಾಸಿಗನು ಮೂಗಿಗೆ ನೀರು ಎಳೆದುಕೊಳ್ಳುವುದರಲ್ಲಿ ಅತಿ ಮಾಡಬಾರದೆಂದು ಪ್ರವಾದಿ(ಸ)ರವರೇ ಕಲಿಸಿದ್ದಾರೆ. ಕಣ್ಣಿನ ಒಳಗೆ ನೀರು ಸೇರಿಸುವುದು ವುಝೂದ ಭಾಗವಲ್ಲ, ರೆಪ್ಪೆಯ ಮೇಲೆ ಹರಿದರೆ ಸಾಕು. ಇವರಿಗೆ ಕಣ್ಣಿನ ಹನಿ ದಿನಕ್ಕೆ ಹಲವು ಬಾರಿ ಬೇಕಾಗಬಹುದು. ರಮಝಾನಿನಲ್ಲಿ ಅದನ್ನು ಬಿಡುವವರಿದ್ದಾರೆ. ಬಿಡಬೇಡಿ. ಹನಫಿ ಮದ್‌ಹಬಿನಲ್ಲಿ ಕಣ್ಣಿಗೆ ಔಷಧಿ ಹಾಕುವುದರಿಂದ ಉಪವಾಸ ಮುರಿಯುವುದಿಲ್ಲ.

ನಮಾಝಿನಲ್ಲಿ ತುಟಿಯಿಂದ ಹೊರಡುವ ಅಕ್ಷರಗಳು, ಬಾ, ಮೀಮ್, ಫಾ, ಇವರಿಗೆ ಸರಿಯಾಗಿ ಬರದಿರಬಹುದು. ಫಾತಿಹಾ ಓದಲು ಸಂಕೋಚಪಟ್ಟು ಜಮಾಅತನ್ನೇ ಬಿಟ್ಟವರುಂಟು. ಕುರ್‌ಆನನ್ನು ತಡವರಿಸುತ್ತಾ ಕಷ್ಟಪಟ್ಟು ಓದುವವನಿಗೆ ಎರಡು ಪಟ್ಟು ಪ್ರತಿಫಲವಿದೆ ಎಂಬ ಸುವಾರ್ತೆಯನ್ನು ಹಝ್ರತ್ ಆಯಿಶಾ(ರ) ಪ್ರವಾದಿ(ಸ)ರಿಂದ ವರದಿ ಮಾಡಿದ್ದಾರೆ. ಹಝ್ರತ್ ಮೂಸಾ(ಅ)ರ ನಾಲಿಗೆಯಲ್ಲಿ ತೊಡಕಿತ್ತು. ಮಾತು ಸ್ಪಷ್ಟವಾಗಿ ಆಡಲಾರದವನೆಂದು ಫಿರ್‌ಔನ್ ಅವರನ್ನು ಹೀಯಾಳಿಸಿದ. ಅಲ್ಲಾಹನು ನೇರವಾಗಿ ಮಾತನಾಡಿದ್ದು ಆ ಮೂಸಾ(ಅ)ರೊಂದಿಗೇ.

ಈ ಶಸ್ತ್ರಚಿಕಿತ್ಸೆಯ ನಂತರ ದೇಹದ ಸಮತೋಲ ಕೂಡ ಕೆಡುತ್ತದೆ. ಒಂದು ಕಿವಿಯ ನರ ಕೆಲಸ ನಿಲ್ಲಿಸಿದರೆ ಮೆದುಳು ಕಣ್ಣನ್ನೂ ಪಾದವನ್ನೂ ನಂಬಿ ನಡೆಯುತ್ತದೆ. ಆದ್ದರಿಂದ ಕತ್ತಲೆಯಲ್ಲಿ ಹೆಚ್ಚು ತೂಗಾಡುತ್ತಾರೆ. ಫಜ್ರ್‌ಗೆ ಬರುವಾಗ ಟಾರ್ಚ್ ಇರಲಿ, ಜೊತೆಗೊಬ್ಬರಿರಲಿ. ಸಜ್ದಾದಿಂದ ಏಳುವಾಗ ಕೈಯೂರಿ ನಿಧಾನವಾಗಿ ಏಳಲಿ. ನಿಲ್ಲಲಾಗದಿದ್ದರೆ ಕುಳಿತು ನಮಾಝ್ ಮಾಡಲಿ. ಇಮ್ರಾನ್ ಬಿನ್ ಹುಸೈನ್(ರ) ಕಾಯಿಲೆಯಲ್ಲಿದ್ದಾಗ ಪ್ರವಾದಿ(ಸ)ರವರು ಅವರಿಗೆ ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡಲು ಅನುಮತಿ ಕೊಟ್ಟದ್ದು ಬುಖಾರಿಯಲ್ಲಿದೆ. ಎಡಕಿವಿ ಕೇಳದವರು ಸಫ್ಫಿನ ಎಡಭಾಗದಲ್ಲಿ ನಿಂತರೆ ಬಲಕಿವಿ ಇಮಾಮರ ಕಡೆಗಿರುತ್ತದೆ. ಅವರು ಆ ಜಾಗ ಹುಡುಕಿಕೊಂಡು ಹೋದರೆ ದಾರಿ ಬಿಡಿ.

ದೇಹ ಒಂದು ಅಮಾನತ್

ಸಹೋದರರೇ, ನೋವು ಎಂಬುದು ಅಲ್ಲಾಹನು ದೇಹಕ್ಕೆ ಇಟ್ಟ ಕಾವಲುಗಾರ. ಚಹಾ ಬಿಸಿಯಾಗಿದೆ, ಕಣ್ಣಿಗೆ ಧೂಳು ಬಿದ್ದಿದೆ, ಹಲ್ಲು ಕೆನ್ನೆಯನ್ನು ಕಚ್ಚಿದೆ ಎಂದು ಅದು ಕೂಗಿ ಹೇಳುತ್ತದೆ. ಜೋಮು ಹಿಡಿದ ಕೆನ್ನೆಯಲ್ಲಿ ಆ ಕಾವಲುಗಾರ ಮಲಗಿದ್ದಾನೆ. ಆದರೆ ಮನೆ ನಮ್ಮದಲ್ಲ, ಅಮಾನತ್. ಆದ್ದರಿಂದ ಕಾವಲನ್ನು ನಾವೇ ಕಾಯಬೇಕು.

ಎಲ್ಲಕ್ಕಿಂತ ಮೊದಲು ಕಣ್ಣು. ಸ್ಪರ್ಶ ತಿಳಿಯದ, ಸರಿಯಾಗಿ ಮುಚ್ಚದ ಕಣ್ಣು ಬಹಳ ಅಪಾಯದಲ್ಲಿರುತ್ತದೆ. 1894ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಯಾಲೆನ್ಸ್ ಎಂಬ ವೈದ್ಯರು ಈ ಜಾಗದ ಗಡ್ಡೆಯೊಂದನ್ನು ತೆಗೆದರು. ಆ ಮಹಿಳೆ ಬದುಕಿದರು. ಆದರೆ ಮುಖದ ಒಂದು ಬದಿಯ ಸ್ಪರ್ಶವೂ ಚಲನೆಯೂ ಹೋಗಿ, ಕೊನೆಗೆ ಆ ಕಡೆಯ ಕಣ್ಣನ್ನೇ ಕಳೆದುಕೊಂಡರು. ಈಗ ಸೂಕ್ಷ್ಮದರ್ಶಕದ ಕೆಳಗೆ ಶಸ್ತ್ರಚಿಕಿತ್ಸೆ ನಡೆಯುತ್ತದೆ, ಹನಿ, ಮುಲಾಮು, ರೆಪ್ಪೆಯನ್ನು ಮುಚ್ಚಿಸುವ ವಿಧಾನಗಳು ಇವೆ. ಆದರೂ ಎಚ್ಚರಿಕೆ ರೋಗಿಯದೇ.

ನಮ್ಮದು ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ತಾಲೂಕು. ತಿರುಮಣಿ ಕಡೆ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದದ್ದು ಈ ಬಿಸಿಲಿನಿಂದಲೇ. ಬೇಸಿಗೆಯ ಗಾಳಿಯಲ್ಲಿ ಧೂಳಿಗೆ ಕೊರತೆ ಇಲ್ಲ. ಕನ್ನಡಕವಿಲ್ಲದೆ ಬೈಕ್ ಮೇಲೆ ಹೋಗಬೇಡಿ. ವೈದ್ಯರು ಹೇಳಿದ ಹನಿಯನ್ನು ಹಗಲಿನಲ್ಲಿ, ಮುಲಾಮನ್ನು ರಾತ್ರಿ ತಪ್ಪಿಸಬೇಡಿ. ಕಣ್ಣು ಕೆಂಪಾದರೆ ಅಥವಾ ನೋಟ ಮಂಜಾದರೆ, ನೋವಿಲ್ಲವಲ್ಲ ಎಂದು ಕಾಯಬೇಡಿ. ನೋವು ತಿಳಿಯದಿರುವುದೇ ರೋಗ. ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಸುರ್ಮಾ ಹಚ್ಚುವ ಅಭ್ಯಾಸವಿರುವವರು ಆ ಕಣ್ಣಿಗೆ ವೈದ್ಯರ ಅನುಮತಿ ಇಲ್ಲದೆ ಹಚ್ಚಬೇಡಿ. ಪುಡಿಯ ಕಣ ಚುಚ್ಚಿದರೂ ಆ ಕಣ್ಣು ಹೇಳುವುದಿಲ್ಲ. ಹಾನಿಯಿಂದ ದೂರವಿರಲೆಂದು ಅದನ್ನು ಬಿಟ್ಟವರ ಮೇಲೆ ಯಾವ ದೋಷವೂ ಇಲ್ಲ.

ನಂತರ ಬಾಯಿ. ಊಟವನ್ನು ಸ್ಪರ್ಶ ಇರುವ ಬದಿಯಲ್ಲಿ ಅಗಿಯಿರಿ. ಚಹಾ, ಸಾರು, ಗಂಜಿಯ ಬಿಸಿಯನ್ನು ಸ್ಪರ್ಶ ಇರುವ ತುಟಿಯಿಂದ ನೋಡಿ ಕುಡಿಯಿರಿ. ಊಟವಾದ ಮೇಲೆ ಬಾಯಿ ಮುಕ್ಕಳಿಸಿ ಕನ್ನಡಿ ನೋಡಿ; ಅನ್ನದ ಅಗುಳು, ಕಡಲೆಕಾಯಿಯ ಚೂರು ಕೆನ್ನೆಯೊಳಗೆ ಉಳಿದರೆ ಗೊತ್ತಾಗುವುದಿಲ್ಲ. ಮಿಸ್ವಾಕ್ ಮಾಡುವಾಗಲೂ ಕನ್ನಡಿ ಇರಲಿ. ಆ ಬದಿಯ ಹಲ್ಲು ಹುಳುಕಾದರೂ ನೋಯುವುದಿಲ್ಲ, ಆದ್ದರಿಂದ ಹಲ್ಲಿನ ವೈದ್ಯರಿಗೆ ಆಗಾಗ ತೋರಿಸಿ. ಗಡ್ಡ ಮೀಸೆ ಕತ್ತರಿಸಿಕೊಳ್ಳುವವರು ಆ ಬದಿಗೆ ಸ್ಪರ್ಶವಿಲ್ಲವೆಂದು ಕ್ಷೌರಿಕನಿಗೆ ಮೊದಲೇ ಹೇಳಿ. ಒಲೆಯ ಮುಂದೆ ನಿಲ್ಲುವ ನಮ್ಮ ತಾಯಂದಿರು, ಸಹೋದರಿಯರು ಹಬೆಯನ್ನು ಆ ಕೆನ್ನೆಯಿಂದ ದೂರವಿಡಲಿ.

ಇನ್ನು ಮನೆಮದ್ದು. ಲಕ್ವಾ ಎಂದ ಕೂಡಲೇ ಕಾಡುಪಾರಿವಾಳದ ಸೂಪು ಎನ್ನುವವರಿದ್ದಾರೆ. ಝಬಹ್ ಮಾಡಿದ ಪಾರಿವಾಳದ ಮಾಂಸ ಹಲಾಲ್, ತಿನ್ನಬಹುದು, ಆದರೆ ಪೆಟ್ಟಾದ ನರವನ್ನು ಅದು ಸರಿಪಡಿಸುವುದಿಲ್ಲ. ರಕ್ತ ಹಚ್ಚುವುದು, ಕುಡಿಯುವುದು ಮಾತ್ರ ಹರಾಮ್. ಬಿಸಿ ಎಣ್ಣೆ, ಬಿಸಿ ಮರಳಿನ ಗಂಟು ಇಡಬೇಡಿ. ಚರ್ಮ ಸುಟ್ಟು ಬೊಬ್ಬೆ ಬಂದ ಮೇಲೆಯೇ ತಿಳಿಯುತ್ತದೆ. ಫಾತಿಹಾ ಓದಿ ಊದುವುದು ಸುನ್ನತ್‌ನಿಂದ ಬಂದದ್ದು, ಮಾಡಿ. ಆದರೆ ಅದರ ಹೆಸರಿನಲ್ಲಿ ವೈದ್ಯರನ್ನು ಬಿಡಬೇಡಿ. ಚಿಕಿತ್ಸೆ ಪಡೆಯಬಹುದೇ ಎಂದು ಗ್ರಾಮೀಣ ಅರಬರು ಕೇಳಿದಾಗ ಪಡೆಯಿರಿ ಎಂದೇ ಪ್ರವಾದಿ(ಸ)ರವರು ಹೇಳಿದರು. 925ರಲ್ಲಿ ತೀರಿಕೊಂಡ ಅಬೂಬಕರ್ ರಾಝಿ ಲಕ್ವಾವನ್ನು ಗಮನಿಸಿ ವಿವರವಾಗಿ ಬರೆದಿಟ್ಟ ವೈದ್ಯ. ರೋಗಿಯನ್ನು ಪರೀಕ್ಷಿಸಿ ಕಾರಣ ಹುಡುಕುವುದು ನಮ್ಮ ಪೂರ್ವಿಕರದೇ ದಾರಿ.

ಸಬ್ರ್ ಎಂದರೆ ಮೌನವಲ್ಲ

ಅಯ್ಯೂಬ್(ಅ) ತಮ್ಮ ಕಷ್ಟವನ್ನು ಅಲ್ಲಾಹನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ಯಅ್‌ಕೂಬ್(ಅ) ತಮ್ಮ ದುಃಖವನ್ನು ಅಲ್ಲಾಹನಲ್ಲಿ ತೋಡಿಕೊಂಡರು. ಇಬ್ಬರನ್ನೂ ಕುರ್‌ಆನ್ ತಾಳ್ಮೆಯ ಮಾದರಿಯಾಗಿ ಮುಂದಿಟ್ಟಿದೆ. ಆದ್ದರಿಂದ "ಯಾ ಅಲ್ಲಾಹ್, ನನ್ನ ಮಗು ಆ ಕೆನ್ನೆಗೆ ಮುತ್ತಿಟ್ಟರೆ ನನಗೆ ತಿಳಿಯುವುದಿಲ್ಲ" ಎಂದು ಒಬ್ಬ ತಾಯಿ ಸಜ್ದಾದಲ್ಲಿ ಅತ್ತರೆ ಅದು ಸಬ್ರ್‌ಗೆ ವಿರುದ್ಧವಲ್ಲ.

ಮುಗುಳ್ನಗೆ ಸದಕಃ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ನಗಲು ಹೋದರೆ ಬಾಯಿ ವಾಲುತ್ತದೆ ಎಂದು ನಗುವುದನ್ನೇ ಬಿಟ್ಟವರು ಏನು ಮಾಡಬೇಕು? ಆರೋಗ್ಯವಿದ್ದಾಗ ದಾಸನು ಮಾಡುತ್ತಿದ್ದ ಸತ್ಕರ್ಮದ ಪ್ರತಿಫಲ ರೋಗದಲ್ಲಿಯೂ ಅವನಿಗೆ ಬರೆಯಲ್ಪಡುತ್ತದೆ ಎಂದು ಅಬೂ ಮೂಸಾ ಅಲ್ ಅಶ್‌ಅರೀ(ರ)ರ ವರದಿ ಬುಖಾರಿಯಲ್ಲಿದೆ. ನೀವು ಹಿಂದೆ ಕೊಡುತ್ತಿದ್ದ ನಗು ನಿಂತಿಲ್ಲ, ಬರೆಯಲ್ಪಡುತ್ತಲೇ ಇದೆ ಎಂದು ನಂಬಿ. ಅರ್ಧ ತುಟಿಯಿಂದಲೇ ನಗಿ. ಮುಳ್ಳು ಚುಚ್ಚಿದ ನೋವಿಗೂ ಪಾಪಗಳು ಉದುರುತ್ತವೆ ಎಂಬುದು ಪ್ರವಾದಿ(ಸ)ರ ಸುವಾರ್ತೆ. ಮುಳ್ಳು ಚುಚ್ಚಿದ್ದೇ ತಿಳಿಯದವನ ಕಷ್ಟ ಅದಕ್ಕಿಂತ ಚಿಕ್ಕದಲ್ಲ.

ಉರ್ವಾ ಬಿನ್ ಝುಬೈರ್ ಮದೀನಾದ ದೊಡ್ಡ ವಿದ್ವಾಂಸರು, ಆಯಿಶಾ(ರ)ರ ಸಹೋದರಿಯ ಮಗ. ಖಲೀಫಾ ವಲೀದ್‌ರನ್ನು ಕಾಣಲು ಡಮಾಸ್ಕಸ್‌ಗೆ ಹೋದಾಗ ಅವರ ಕಾಲು ಕೊಳೆಯತೊಡಗಿ ಕತ್ತರಿಸಬೇಕಾಯಿತು. ಅದೇ ಪ್ರಯಾಣದಲ್ಲಿ ಮಗನೊಬ್ಬನನ್ನೂ ಕಳೆದುಕೊಂಡರು. ಕೈಕಾಲು ನಾಲ್ಕರಲ್ಲಿ ಮೂರನ್ನು ಅಲ್ಲಾಹನು ಉಳಿಸಿದನೆಂದು ಅವರು ಶುಕ್ರ್ ಸಲ್ಲಿಸಿದ್ದನ್ನು ಚರಿತ್ರಕಾರರು ದಾಖಲಿಸಿದ್ದಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಆ ಮಾತನ್ನು ಹೇಳಿದ್ದು ಉರ್ವಾ. ಎರಡೂ ಕಾಲು ಇದ್ದವರು ಬಂದು ಉರ್ವಾರಿಗೆ ಹೇಳಿದ್ದಲ್ಲ. ಶುಕ್ರ್ ರೋಗಿಯ ಹೃದಯದಿಂದ ಬರಬೇಕಾದದ್ದು. "ಪ್ರಾಣ ಉಳಿಯಿತಲ್ಲ, ಇನ್ನೇನು ಬೇಕು" ಎಂದು ನಾವು ಅವರ ಬಾಯಿ ಮುಚ್ಚಿಸಬಾರದು.

ಎರಡನೆಯ ಖುತ್ಬಾ: ನಮ್ಮ ಮೇಲಿನ ಹಕ್ಕು

ಇಷ್ಟು ರೋಗಿಗೆ ಹೇಳಿದ ಮಾತು. ಈಗ ಉಳಿದ ನಮಗೆಲ್ಲ.

ರೋಗಿಯನ್ನು ಸಂದರ್ಶಿಸುವುದು ಮುಸ್ಲಿಮನ ಮೇಲೆ ಮುಸ್ಲಿಮನ ಹಕ್ಕು. ಶಸ್ತ್ರಚಿಕಿತ್ಸೆಯ ವಾರದಲ್ಲಿ ಎಲ್ಲರೂ ಹಣ್ಣು ಹಿಡಿದು ಹೋಗುತ್ತೇವೆ. ಎರಡು ವರ್ಷದ ನಂತರ ಯಾರೂ ಹೋಗುವುದಿಲ್ಲ, ಏಕೆಂದರೆ ಜೋಮು ಕಣ್ಣಿಗೆ ಕಾಣುವುದಿಲ್ಲ. "ಚೆನ್ನಾಗಿಯೇ ಇದ್ದೀಯಲ್ಲ" ಎನ್ನುತ್ತೇವೆ. ಅವರು ಹೌದು ಎಂದು ತಲೆಯಾಡಿಸಿ ಸುಮ್ಮನಾಗುತ್ತಾರೆ. ಹೋದಾಗ "ಇನ್ನೂ ಸರಿಹೋಗಲಿಲ್ಲವೇ" ಎಂದು ಕೇಳಬೇಡಿ. ದುಆ ಮಾಡಿ, ಜೊತೆಗೆ ಕುಳಿತು ಚಹಾ ಕುಡಿಯಿರಿ, ಮನೆಯ ಕೆಲಸವಿದ್ದರೆ ಮಾಡಿಕೊಡಿ, ಬೆಂಗಳೂರಿಗೆ ಮುಂದಿನ ತಪಾಸಣೆಗೆ ಹೋಗುವಾಗ ಜೊತೆಗೆ ಹೋಗಿ. ಬಿಪಿಎಲ್ ಕಾರ್ಡಿನ ಕುಟುಂಬವಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಾಗದಪತ್ರ ಮಾಡಿಸಿಕೊಡುವುದು ನಮ್ಮ ಯುವಕರ ಸದಕಃ ಆಗಲಿ.

ನೀವು ಸಲಾಮ್ ಹೇಳಿದರೂ ಅವರು ಉತ್ತರಿಸದೆ ಹೋದರೆ ಅಹಂಕಾರವೆಂದು ತೀರ್ಮಾನಿಸಬೇಡಿ. ನೀವು ಕೇಳದ ಕಿವಿಯ ಕಡೆ ಇದ್ದಿರಬಹುದು. ಮುಂದೆ ಬಂದು ಇನ್ನೊಮ್ಮೆ ಹೇಳಿ. ಸೂರಃ ಅಲ್ ಹುಜುರಾತ್ ಹೆಚ್ಚಿನ ಗುಮಾನಿಗಳಿಂದ ದೂರವಿರಲು ಕಲಿಸಿದೆ. ವಲೀಮಾದ ಊಟದಲ್ಲಿ ಅವರ ಗಲ್ಲದ ಮೇಲೆ ಅನ್ನದ ಅಗುಳು ಅಂಟಿದ್ದರೆ ನೋಡಿ ನಗಬೇಡಿ, ಪರಸ್ಪರ ಗೇಲಿ ಮಾಡುವುದನ್ನೂ ಅದೇ ಸೂರಃ ತಡೆದಿದೆ. ನಿಮ್ಮ ಗಲ್ಲವನ್ನು ಒರೆಸಿಕೊಂಡು ಸನ್ನೆ ಮಾಡಿ, ಅವರಿಗೆ ಅರ್ಥವಾಗುತ್ತದೆ. ಮಕ್ಕಳಿಗೂ ಇದನ್ನು ಕಲಿಸಿ. ಪರೀಕ್ಷೆಗೊಳಗಾದವರನ್ನು ಕಂಡಾಗ ಓದುವ ದುಆವನ್ನು ಅವರಿಗೆ ಕೇಳಿಸದಂತೆ ಮನಸ್ಸಿನಲ್ಲೇ ಓದಬೇಕೆಂದು ಉಲಮಾಗಳು ಹೇಳಿದ್ದು ಅವರ ಮನಸ್ಸು ನೋಯಬಾರದೆಂದೇ.

ವಾಲಿದ ಮುಖದ ಕಾರಣಕ್ಕೆ ಮದುವೆ ಮನೆಗೆ ಹೋಗುವುದನ್ನು ಬಿಟ್ಟ ಸಹೋದರಿಯನ್ನು ಕೈಹಿಡಿದು ಕರೆದೊಯ್ಯುವ ಕೆಲಸ ಮನೆಯ ಹೆಂಗಸರದು. ಫೋಟೋಗೆ ನಿಲ್ಲೆಂದು ಒತ್ತಾಯಿಸಬೇಡಿ, ನಿಲ್ಲಬೇಡವೆಂದೂ ಹೇಳಬೇಡಿ. ಪತಿಯರೇ, ಆಕೆಯ ಮುಖ ಬದಲಾಗಿರಬಹುದು, ಆಕೆ ಬದಲಾಗಿಲ್ಲ. ಅಲ್ಲಾಹನು ನಮ್ಮ ರೂಪವನ್ನೂ ಸಂಪತ್ತನ್ನೂ ನೋಡುವುದಿಲ್ಲ, ಹೃದಯವನ್ನೂ ಕರ್ಮವನ್ನೂ ನೋಡುತ್ತಾನೆ ಎಂದು ಪ್ರವಾದಿ(ಸ)ರವರು ತಿಳಿಸಿದ್ದಾರೆ. ಅವನು ನೋಡದಿರುವುದನ್ನು ನಾವೇಕೆ ಅಷ್ಟು ಎವೆಯಿಕ್ಕದೆ ನೋಡಬೇಕು?

ಕೊನೆಯದಾಗಿ ಒಂದು ಸುವಾರ್ತೆ. ಖಿಯಾಮತ್ ದಿನ ಪ್ರವಾದಿ(ಸ)ರವರು ತಮ್ಮ ಸಮುದಾಯವನ್ನು ವುಝೂದ ಗುರುತಿನಿಂದ ಹೊಳೆಯುವ ಮುಖಗಳಿಂದ ಗುರುತಿಸುತ್ತಾರೆ. ಅಂದು ಹೊಳಪು ಸಿಗುವುದು ನೀರು ಹರಿದ ಮುಖಕ್ಕೆ. ಆ ನೀರಿನ ತಂಪು ತಿಳಿದವರಿಗೆ ಮಾತ್ರ ಎಂದು ಎಲ್ಲೂ ಹೇಳಿಲ್ಲ.

ಯಾ ಅಲ್ಲಾಹ್, ನಮ್ಮ ರೋಗಿಗಳಿಗೆ ಪೂರ್ಣ ಶಿಫಾ ಕೊಡು. ಸ್ಪರ್ಶ ಹೋದವರಿಗೆ ಸ್ಪರ್ಶವನ್ನು ಮರಳಿಸು. ಮರಳಿಸುವುದು ನಿನ್ನ ಇಚ್ಛೆಯಲ್ಲದಿದ್ದರೆ ಅದರೊಂದಿಗೆ ಬದುಕುವ ಬಲವನ್ನೂ ನೆಮ್ಮದಿಯನ್ನೂ ಕೊಡು. ಅವರ ಕಣ್ಣುಗಳನ್ನು ಕಾಪಾಡು. ಅವರನ್ನು ಆರೈಕೆ ಮಾಡುವ ಮನೆಯವರಿಗೆ, ವೈದ್ಯರಿಗೆ, ದಾದಿಯರಿಗೆ ಒಳಿತು ಮಾಡು. ನಮ್ಮ ಹೃದಯಗಳಿಗೆ ಜೋಮು ಹಿಡಿಯದಂತೆ ನೋಡಿಕೋ. ಆಮೀನ್.